ಖಾಲಿ ಬಿಲ್ಡಿಂಗಿನ ಸಂಸಾರ

ಮನೆಗಳು ಚೆನ್ನಾಗಿ ಮಾರಾಟವಾಗುವ ಕಾಲದಲ್ಲಿ ಬಿಲ್ಡರ್ ಆಫೀಸಿನಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ. ಬಂದವರಿಗೂ ಅವಸರ, ನಮಗೂ ಅವಸರ. ಮಾರಾಟ ನಿಂತು, ಆಫೀಸಿನಲ್ಲಿ ಫ್ಯಾನಿನ ಸಪ್ಪಳವೊಂದೇ ಕೇಳತೊಡಗಿದ ಮೇಲೆ ನೋಡಬೇಕು. ಮನುಷ್ಯರ ಬುದ್ಧಿ ಎಲ್ಲೆಲ್ಲಿಗೋ ಓಡುತ್ತದೆ, ದಿನಕ್ಕೊಂದು ಪ್ರಸಂಗ ತಾನೇ ನಡೆದು ಬಂದು ಕುರ್ಚಿ ಎಳೆದುಕೊಂಡು ಕೂಡುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಧಾರವಾಡದಿಂದ ಪುಣೆಗೆ ಬಂದ ನಾನು ತಳೇಗಾಂವ ದಾಭಾಡೆಯಲ್ಲಿ ಒಬ್ಬ ಬಿಲ್ಡರರ ಹತ್ತಿರ ಕೆಲಸಕ್ಕಿದ್ದೆ. ಟೈಪ್ ಮಾಡುವುದು, ಫೋನ್ ಎತ್ತುವುದು, ಬಂದವರಿಗೆ ಮನೆ ತೋರಿಸುವುದು, ಎಲ್ಲಾ ನಾನೇ. ನಮ್ಮವರು ಚಿಂಚವಾಡದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಇನ್ನೊಬ್ಬರೆಂದರೆ ನಮ್ಮ ಅತ್ತೆ.

ನಮ್ಮ ಸಾಹೇಬರು ಮರಾಠಿ ಮನುಷ್ಯ. ಮೊದಲು ಗಟಾರ, ರಸ್ತೆಗಳ ಗುತ್ತಿಗೆ ಮಾಡಿಕೊಂಡಿದ್ದವರು, ಮನೆಗಳ ಬೆಲೆ ಏರಿದ ಹುರುಪಿನಲ್ಲಿ ಎರಡು ಕಟ್ಟಡ ಎಬ್ಬಿಸಲು ಹೊರಟರು. ಮುಂದಿನದು ಮುಗಿಯಿತು, ಹಿಂದಿನದು ಅರ್ಧಕ್ಕೆ ಬಂತು, ಅಷ್ಟರಲ್ಲಿ ಪೇಟೆ ಕುಸಿಯಿತು. ‘ಬೆಲೆ ಇನ್ನೂ ಇಳೀತದ, ತಡೀರಿ’ ಎಂದು ಊರಿಗೆ ಊರೇ ಕೈಕಟ್ಟಿ ಕೂತಿತು. ಒಂದು ದಿನ ಸಾಹೇಬರು ನನ್ನನ್ನು ಕರೆದರು. ಅವರ ಮರಾಠಿಯನ್ನು ನಮ್ಮ ಮನೆ ಮಾತಿನಲ್ಲೇ ಹೇಳುತ್ತೇನೆ; ಅತ್ತಿಗೆ ಎನ್ನಲು ಅವರು ಬಳಸುವ ‘ವಹಿನಿ’ಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

‘ವಹಿನಿ, ಸಂಜಿಗೆ ಒಂದೂ ದೀಪ ಹತ್ತದ ಬಿಲ್ಡಿಂಗಿಗೆ ಯಾರು ಬರ್ತಾರ? ಭೂತ ಸುದ್ದಾ ಬರೂದಿಲ್ಲ. ನೀವು ಬಂದು ಇರ್ರಿ. ಬಾಡಿಗಿ ಬ್ಯಾಡ. ಗಿರಾಕಿಗೆ ಒಂದು ಸಂಸಾರ ಕಾಣಬೇಕು, ಅಷ್ಟ ಸಾಕು.’

ಹೀಗೆ ನಾವು ಮೂವರು ಮುಂದಿನ ಕಟ್ಟಡದ ಮೊದಲ ಮಹಡಿಗೆ ಬಂದೆವು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲಾ ಖಾಲಿ. ಕುಕ್ಕರ್ ಸೀಟಿ ಹೊಡೆದರೆ ಇಡೀ ಬಿಲ್ಡಿಂಗು ಅದನ್ನೇ ಮತ್ತೊಮ್ಮೆ ಹೊಡೆಯುತ್ತಿತ್ತು.

ಗಿಡ್ಡ ಮಂಚ

ಬಂದವರಿಗೆ ತೋರಿಸಲೆಂದು ಒಂದು ಮನೆಯನ್ನು ಸಾಹೇಬರು ಶೃಂಗರಿಸಿ ಇಟ್ಟಿದ್ದರು. ಅದರ ಗುಟ್ಟು ನಮಗೆ ಮತ್ತು ಬಡಿಗನಿಗೆ ಮಾತ್ರ ಗೊತ್ತು. ಮಂಚ, ಸೋಫಾ, ಊಟದ ಮೇಜು, ಎಲ್ಲಾ ರೂಢಿಯ ಅಳತೆಗಿಂತ ಒಂದು ಕೈ ಸಣ್ಣವು. ಸಾಮಾನು ಸಣ್ಣದಾದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ‘ನೋಡ್ಲಿ, ಮುಟ್ಲಿ. ಮಲಗಲಿಕ್ಕೆ ಮಾತ್ರ ಬಿಡಬ್ಯಾಡ್ರಿ’ ಎಂದು ನನಗೆ ಅಪ್ಪಣೆಯಾಗಿತ್ತು.

ಒಂದು ದಿನ ದೇಹೂ ರೋಡಿನಿಂದ ನಿವೃತ್ತ ಸುಭೇದಾರರೊಬ್ಬರು ಹೆಂಡತಿಯೊಂದಿಗೆ ಬಂದರು. ಉತ್ತರ ಭಾರತದ ಕಡೆಯವರು, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ. ಹೆಂಡತಿ ಅವರ ಮೊಳಕೈಗೆ ಬರುತ್ತಿದ್ದರು. ಸುಭೇದಾರರು ಮಲಗುವ ಕೋಣೆ ನೋಡಿ, ‘ಭಾಳ ದೊಡ್ಡದದ’ ಎಂದು ಹಿಂದಿಯಲ್ಲಿ ಮೆಚ್ಚಿಕೊಂಡರು. ನಾನು ಬೇಡ ಎನ್ನುವುದರೊಳಗೆ ಬೂಟು ಕಳಚಿ ಮಂಚದ ಮೇಲೆ ಒರಗಿಯೇಬಿಟ್ಟರು.

ಮೊಣಕಾಲಿನ ತನಕ ಮಂಚದ ಮೇಲೆ, ಅಲ್ಲಿಂದ ಮುಂದೆ ಗಾಳಿಯಲ್ಲಿ.

ಸಾಹೇಬರು ಕಿಟಕಿಯ ಕಡೆ ತಿರುಗಿ ನಿಂತರು. ಸುಭೇದಾರರು ತಮ್ಮ ಪಾದಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಮಗಳೇ, ಈ ವಯಸ್ಸಿನಾಗ ನಾ ಮತ್ತ ಬೆಳೀಲಿಕ್ಕತ್ತೇನೇನು?’ ಅಂದರು.

ಮುಗಿಯಿತು ಅಂದುಕೊಂಡೆ. ಆದರೆ ಪಡಸಾಲೆಯಿಂದ ಅವರ ಹೆಂಡತಿ ಕೂಗಿದರು. ಹೋಗಿ ನೋಡಿದರೆ ಆಕೆ ಸೋಫಾದ ಮೇಲೆ ರಾಣಿಯ ಹಾಗೆ ಕೂತಿದ್ದಾರೆ, ಮುಖ ಅರಳಿದೆ. ‘ಇಲ್ಲೆ ನೋಡ್ರಿ, ನನ್ನ ಕಾಲು ನೆಲಕ್ಕ ಮುಟ್ಯಾವ! ಜನ್ಮದಾಗ ಕುರ್ಚಿ ಮ್ಯಾಲ ಕೂತು ನೆಲ ಮುಟ್ಟಿದ್ದಿಲ್ಲ ನಾನು.’ ಆಕೆ ಅಲ್ಲಿಂದ ಏಳಲಿಲ್ಲ. ಮನೆಯ ಮಾತು ಎತ್ತಲೂ ಇಲ್ಲ.

ಆ ತಿಂಗಳು ನಮ್ಮ ಆಫೀಸಿನಿಂದ ಮಾರಾಟವಾದದ್ದು ಒಂದು ಸೋಫಾ.

ಬಾಲ್ಕನಿಯ ಸೀರೆ

ಒಂದು ಸಂಸಾರ ಕಂಡರೆ ಸಾಲದು, ಹತ್ತು ಕಾಣಬೇಕು ಎಂದು ಸಾಹೇಬರಿಗೆ ಹೊಳೆಯಿತು. ಬೇರೆ ಬೇರೆ ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕಿರಿ ಎಂದರು. ನಮ್ಮ ಮನೆಯಲ್ಲಿ ಇದ್ದದ್ದೇ ನಾಲ್ಕು ಬಟ್ಟೆ. ನಮ್ಮವರ ಕಾರ್ಖಾನೆಯ ಖಾಕಿ ಅಂಗಿಗಳನ್ನೇ ಒಂದೊಂದು ಮಹಡಿಗೆ ಒಂದರಂತೆ ತೂಗುಹಾಕಿದೆ. ಮರುದಿನ ಬಂದ ಮುದುಕರೊಬ್ಬರು ಕೆಳಗೆ ನಿಂತು ಮೇಲೆ ನೋಡಿ, ‘ಇಲ್ಲೆ ಎಲ್ಲಾರೂ ಒಂದೇ ಕಾರ್ಖಾನಿಯವರೇನು? ಸ್ಟ್ರೈಕ್ ಆದ್ರ ಎಲ್ಲಾರೂ ಮನ್ಯಾಗ ಕೂತು ಗದ್ದಲಾ ಮಾಡ್ತಾರ. ನನಗ ಮಧ್ಯಾಹ್ನ ನಿದ್ದಿ ಬೇಕ್ರಿ’ ಎಂದು ಹೊರಟೇ ಹೋದರು.

ಸಾಹೇಬರು ಸೋಲಲಿಲ್ಲ. ತಮ್ಮ ಮನೆಯಿಂದ ಒಂದು ಗಂಟು ಬಣ್ಣ ಬಣ್ಣದ ಬಟ್ಟೆ ತಂದುಕೊಟ್ಟರು. ನಾನು ಮೂರನೇ ಮಹಡಿಯಲ್ಲಿ ಒಂದು ಹಸಿರು ಸೀರೆ, ಎರಡನೆಯದರಲ್ಲಿ ಒಂದು ಚಾದರ, ಹೀಗೆ ಅಂದವಾಗಿ ಹರವಿದೆ. ದೂರದಿಂದ ನೋಡಿದರೆ ನಮಗೇ ನೆರೆಹೊರೆ ಬಂದಷ್ಟು ಸಂತೋಷವಾಗುತ್ತಿತ್ತು.

ಭಾನುವಾರ ಸಾಹೇಬರ ಹೆಂಡತಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ನಮ್ಮ ಗೇಟಿನ ಮುಂದೆ ರಿಕ್ಷಾ ನಿಲ್ಲಿಸಿದರು. ಇಳಿದವರು ಮೇಲೆ ನೋಡಿದರು. ಮತ್ತೊಮ್ಮೆ ನೋಡಿದರು. ಸೀದಾ ನನ್ನ ಹತ್ತಿರ ಬಂದರು.

‘ಆ ಮೂರನೇ ಮಾಳಗಿ ಮನ್ಯಾಗ ಯಾರಿರ್ತಾರ?’

ಸಾಹೇಬರು ಅವರನ್ನು ಕೇಳದೆ ಬಟ್ಟೆ ತಂದದ್ದು ನನಗೆ ಗೊತ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ‘ಯಾರೂ ಇಲ್ರಿ ವಹಿನಿ.’

‘ಯಾರೂ ಇಲ್ಲದ ಮನ್ಯಾಗ ನನ್ನ ಸೀರಿ ಯಾಕ ಒಣಗಲಿಕ್ಕತ್ತದ?’

ಸಾಹೇಬರು ಓಡಿ ಬಂದು ಪೇಟೆ, ಗಿರಾಕಿ, ಬಾಲ್ಕನಿ ಎಂದು ಏನೇನೋ ಹೇಳಿದರು. ಆಕೆ ಒಂದೇ ಮಾತು ಅಂದರು, ‘ಬಾಗಿಲಾ ತಗೀರಿ.’ ಸಾಹೇಬರು ತೆಗೆದರು. ಅದೊಂದೇ ಅಲ್ಲ, ಕಟ್ಟಡದ ಪ್ರತಿ ಮನೆಯ ಬಾಗಿಲು ತೆಗೆದರು. ಬಚ್ಚಲು ತೋರಿಸಿದರು, ಅಟ್ಟ ತೋರಿಸಿದರು, ಕಪಾಟುಗಳನ್ನು ಎಳೆದೆಳೆದು ತೋರಿಸಿದರು. ಯಾವ ಗಿರಾಕಿಗೂ ಅವರು ಅಷ್ಟು ಶ್ರದ್ಧೆಯಿಂದ ಮನೆ ತೋರಿಸಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಕೆಳಗಿಳಿದು ಬಂದ ವಹಿನಿಯವರ ಮುಖದಲ್ಲಿ ಶಾಂತಿಯಿತ್ತು. ‘ಎಲ್ಲಾ ಖಾಲಿ ಅವ’ ಅಂದು ನನ್ನ ಕೈಗೆ ಪ್ರಸಾದ ಕೊಟ್ಟರು.

ನಮ್ಮ ಮನೆಗಳು ಖಾಲಿ ಇರುವುದನ್ನು ನೋಡಿ ಸಂತೋಷಪಟ್ಟವರು ಆ ವರ್ಷ ಅವರೊಬ್ಬರೇ.

ನೀರಿನ ಮಾತು

ನಮ್ಮ ಅತ್ತೆ ಸುಳ್ಳು ಹೇಳಿದವರಲ್ಲ. ಅದೇನು ದೊಡ್ಡ ವ್ರತವಲ್ಲ, ಅವರಿಗೆ ಬರುವುದಿಲ್ಲ, ಅಷ್ಟೇ. ಖಾಲಿ ಕಟ್ಟಡದಲ್ಲಿ ಅವರಿಗೆ ಸಿಕ್ಕ ಭಾಗ್ಯವೆಂದರೆ ಬಿಸಿಲು. ಯಾರ ಅಡ್ಡಿಯೂ ಇಲ್ಲದ ತಾರಸಿಯ ತುಂಬ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಹಾಕಿಕೊಂಡು ಕಾಗೆ ಓಡಿಸುತ್ತ ಕೂಡುತ್ತಿದ್ದರು.

ಸಾಹೇಬರು ಅವರಿಗೆ ಒಂದೇ ಪಾಠ ಹೇಳಿಕೊಟ್ಟಿದ್ದರು. ‘ಆಜಿ, ಯಾರರ ಕೇಳಿದ್ರ ನೀರು ಇಪ್ಪತ್ನಾಲ್ಕು ತಾಸು ಬರ್ತದ ಅನ್ರಿ.’ ಅತ್ತೆ ‘ಹೂಂ’ ಅಂದಿದ್ದರು. ಹೂಂ ಅಂದರೆ ಕೇಳಿಸಿಕೊಂಡೆ ಎಂದು ಅರ್ಥ.

ಒಂದು ಸಂಸಾರ ಮನೆ ನೋಡಲು ಬಂತು. ಗಂಡ, ಹೆಂಡತಿ, ಗಂಡನ ತಾಯಿ. ಸಾಹೇಬರು ಇಪ್ಪತ್ನಾಲ್ಕು ತಾಸಿನ ನೀರಿನ ವರ್ಣನೆ ಮಾಡುತ್ತಲೇ ತಾರಸಿಗೆ ಕರೆತಂದರು. ಆ ತಾಯಿ ಸೀದಾ ನಮ್ಮ ಅತ್ತೆಯ ಪಕ್ಕಕ್ಕೆ ಹೋಗಿ ಕೂತು, ಸಂಡಿಗೆ ಮುರಿದು ಬಾಯಿಗೆ ಹಾಕಿಕೊಂಡು, ‘ನೀರು ಹ್ಯಾಂಗ?’ ಎಂದು ಮರಾಠಿಯಲ್ಲಿ ಕೇಳಿದರು.

‘ಮುಂಜಾನೆ ಒಂದ ತಾಸು ಬರ್ತದ’ ಅಂದರು ಅತ್ತೆ ತಮ್ಮ ಹರಕು ಮರಾಠಿಯಲ್ಲಿ. ‘ಆದ್ರ ದಿನಾ ಬರ್ತದ ನೋಡ್ರಿ! ನಮ್ಮ ಧಾರವಾಡದಾಗ ವಾರಕ್ಕೊಮ್ಮಿ ಬಂದ್ರ ಹಬ್ಬ.’

ಸಾಹೇಬರು ಕಣ್ಣು ಮುಚ್ಚಿದರು. ಆ ತಾಯಿ ಎದ್ದು ಬಂದು ಮಗನಿಗೆ ಹೇಳಿದ್ದು ನನಗೆ ಕೇಳಿಸಿತು. ‘ಊರಾಗಿನ ಎಲ್ಲಾ ಬಿಲ್ಡರೂ ಇಪ್ಪತ್ನಾಲ್ಕು ತಾಸು ಅಂತಾರ. ಒಂದು ತಾಸು ಅಂತ ಹೇಳೂವಂಥಾ ಮಂದಿ ಎಲ್ಲೂ ಸಿಕ್ಕಿದ್ದಿಲ್ಲ. ಇಲ್ಲೇ ತಗೊಳ್ಳೂಣು.’

ಅವರು ಮುಂಗಡ ಕೊಟ್ಟು ಹೋದ ಮೇಲೆ ಸಾಹೇಬರು ಮತ್ತೆ ತಾರಸಿಗೆ ಬಂದರು. ಅತ್ತೆಯ ಕೈಯಿಂದ ಕಾಗೆ ಓಡಿಸುವ ಕೋಲು ತೆಗೆದುಕೊಂಡು ಅಂದರು, ‘ಆಜಿ, ಇನ್ನ ಮ್ಯಾಲ ಗಿರಾಕಿ ಬಂದ್ರ ನೀವು ಕೆಳಗ ಹೋಗಿ ಮಾತಾಡ್ರಿ. ಸಂಡಿಗಿ ನಾ ಕಾಯ್ತೀನಿ.’

ತೆರಿಗೆಯ ವಿಚಾರ

ಅದೇ ಹೊತ್ತಿಗೆ ಸರಕಾರ ಮನೆ ಸಾಲದ ಬಡ್ಡಿಗೆ ಕೊಡುವ ತೆರಿಗೆ ರಿಯಾಯಿತಿಯನ್ನು ಹೆಚ್ಚಿಸಿತು. ಸಾಹೇಬರಿಗೆ ಬಾವಿಗೆ ಬಿದ್ದವನ ಕೈಗೆ ಹಗ್ಗ ಸಿಕ್ಕ ಹಾಗಾಯಿತು. ಗೇಟಿನ ಮುಂದೆ ‘ಮನೆ ಕೊಳ್ಳಿ, ತೆರಿಗೆ ಉಳಿಸಿ’ ಎಂದು ದೊಡ್ಡ ಬೋರ್ಡು ಹಾಕಿಸಿದರು. ಅದರ ವಿವರ ಹೇಳುವ ಕೆಲಸ ನನ್ನದು.

ಪಿಂಪ್ರಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದ ಹುಬ್ಬಳ್ಳಿ ಕಡೆಯವರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ನಾನು ಕನ್ನಡದಲ್ಲೇ ಶುರು ಮಾಡಿದೆ. ‘ಸಾಲದ ಬಡ್ಡಿ ನಿಮ್ಮ ಆದಾಯದಾಗಿಂದ ಕಳೀತಾರ್ರಿ. ಅಷ್ಟಕ್ಕ ತೆರಿಗಿ ಬೀಳೂದಿಲ್ಲ.’

‘ಅಂದ್ರ ಬ್ಯಾಂಕಿಗೆ ಹತ್ತು ರೂಪಾಯಿ ಬಡ್ಡಿ ಕೊಟ್ರ ಸರಕಾರ ನನಗ ಹತ್ತು ಬಿಡ್ತದೇನ್ರಿ?’

‘ಹತ್ತಲ್ರಿ. ನಿಮ್ಮ ಪಗಾರಕ್ಕ ಒಂದು ಎರಡು ಬಿಡ್ತದ.’

ಅವರು ಪೆನ್ನಿನ ಕ್ಯಾಪು ಹಾಕಿದರು. ‘ಎರಡು ಉಳಸಲಿಕ್ಕೆ ಹತ್ತು ಕೊಡಬೇಕೇನ್ರಿ ನಾ? ಇಷ್ಟು ಶಾಣ್ಯಾತನ ನನಗ ಬ್ಯಾಡ್ರಿ. ನಾ ತೆರಿಗೀನೇ ಕಟ್ಟತೀನಿ.’

ಲೆಕ್ಕ ಸರಿಯಾಗಿಯೇ ಇತ್ತು. ಅಲ್ಲಿಯ ತನಕ ಸುಮ್ಮನೆ ಗೋಡೆಯ ಮೇಲಿನ ನಕ್ಷೆ ನೋಡುತ್ತಿದ್ದ ಹೆಂಡತಿ ಬಾಯಿ ಬಿಟ್ಟರು. ‘ಅಲ್ರಿ, ಬ್ಯಾಂಕಿನವರಿಗೆ ಕೊಟ್ರ ಏನ ಬರ್ತದ?’

‘ಮನಿ ಬರ್ತದ.’

‘ಸರಕಾರಕ್ಕ ಕೊಟ್ರ?’

ಗಂಡ ಸ್ವಲ್ಪ ಯೋಚಿಸಿದರು. ‘ರಸ್ತಾ ಬರ್ತಾವ.’

‘ಹಂಗಾರ ನೀವು ರಸ್ತಾದಾಗ ಇರ್ರಿ. ನಾ ಮನ್ಯಾಗ ಇರ್ತೀನಿ.’

ಭಾನುವಾರದ ಗಿರಾಕಿ

ಬೆಲೆ ಇಳಿಯಲೆಂದು ಕಾಯುವವರಲ್ಲಿ ಒಬ್ಬರನ್ನು ಮರೆಯಲಾಗದು. ಚಿಂಚವಾಡದ ಒಬ್ಬ ಕಾರಕೂನರು, ಒಂಟಿ ಮನುಷ್ಯ. ಭಾನುವಾರ ಬಂತೆಂದರೆ ಲೋಕಲ್ ರೈಲು ಹಿಡಿದು ಬರುವರು. ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ, ನಮ್ಮ ಅತ್ತೆಯ ಕೈಯ ಅವಲಕ್ಕಿ, ಸಾಹೇಬರ ಜೊತೆ ಚಹಾ. ಆಮೇಲೆ ಒಂದೇ ಪ್ರಶ್ನೆ. ‘ಇನ್ನೂ ಇಳೀತದಲ್ಲ?’

ಸಾಹೇಬರು ಮೊದಲು ಸಿಟ್ಟಾದರು, ಆಮೇಲೆ ರೂಢಿಯಾಯಿತು, ಕೊನೆಗೆ ಅವರ ದಾರಿಯನ್ನೇ ಕಾಯತೊಡಗಿದರು. ಒಂದು ಭಾನುವಾರ ಅವರು ಬರಲಿಲ್ಲ. ಸಾಹೇಬರು ಗೇಟಿಗೂ ಆಫೀಸಿಗೂ ತಿರುಗಾಡಿ, ‘ಬ್ಯಾರೆ ಬಿಲ್ಡರ್ ಕಡೆ ಹೋದ ನೋಡ್ರಿ’ ಎಂದು ಚಡಪಡಿಸಿದರು. ಮುಂದಿನ ಭಾನುವಾರವೂ ಇಲ್ಲ. ಆಗ ವಿಳಾಸ ಹುಡುಕಿಕೊಂಡು ಸಾಹೇಬರು, ನಾನು, ಡಬ್ಬಿಯಲ್ಲಿ ಅವಲಕ್ಕಿ ಹಿಡಿದ ಅತ್ತೆ, ಮೂವರೂ ಚಿಂಚವಾಡಕ್ಕೆ ಹೋದೆವು.

ಜ್ವರ ಬಂದು ಮಲಗಿದ್ದರು ಪಾಪ. ನಮ್ಮನ್ನು ನೋಡಿ ಅವರ ಕಣ್ಣು ತುಂಬಿತು. ಸಾಹೇಬರ ಮನಸ್ಸೂ ಕರಗಿತು. ಕೈ ಹಿಡಿದು, ‘ಸಾಕು ಮಾಡ್ರಿ. ನೀವು ಹೇಳಿದ ಬೆಲೆಗೇ ಕೊಡ್ತೀನಿ, ತಗೊಂಡುಬಿಡ್ರಿ’ ಅಂದರು.

ಕಾರಕೂನರು ಗಾಬರಿಯಿಂದ ಎದ್ದು ಕೂತರು. ‘ತಗೊಂಡ್ರ ಭಾನುವಾರ ಎಲ್ಲಿಗೆ ಹೋಗ್ಲಿ?’

ಮಾರ್ಚ್ ತಿಂಗಳ ಗೃಹಪ್ರವೇಶ

ಹಿಂದಿನ ಕಟ್ಟಡ ಅಂತೂ ಮುಗಿಯುತ್ತ ಬಂದಿತ್ತು. ಸಾಹೇಬರು ತಲೆಯ ಮೇಲೆ ಸಾಲ ಹೊತ್ತು ಮುಗಿಸುತ್ತಿದ್ದರು. ಅದರ ಮೂರನೇ ಮಹಡಿಯ ಒಂದು ಮನೆಯನ್ನು ಬೆಳಗಾವಿ ಕಡೆಯ ಇಂಜಿನಿಯರರೊಬ್ಬರು ತೆಗೆದುಕೊಂಡಿದ್ದರು. ಆ ಕಟ್ಟಡಕ್ಕೆ ಆಗ ಅವರೊಬ್ಬರೇ ಗಿರಾಕಿ. ಅವರದು ಒಂದೇ ಷರತ್ತು. ಆ ವರ್ಷದ ಬಡ್ಡಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ ಮಾರ್ಚ್ ಮುಗಿಯುವುದರೊಳಗೆ ಮನೆ ಕೈಗೆ ಬರಬೇಕು, ಇಲ್ಲದಿದ್ದರೆ ಮುಂಗಡ ವಾಪಸು. ಅವರು ಕೈಬಿಟ್ಟರೆ ಆ ಕಟ್ಟಡಕ್ಕೆ ಬ್ಯಾಂಕಿನ ಬೀಗ ಬೀಳುವುದು, ನಮ್ಮೆಲ್ಲರ ಕೆಲಸ ಹೋಗುವುದು ಖಂಡಿತವಿತ್ತು. ಗೌಂಡಿಗಳು, ಬಣ್ಣದವರು, ನಲ್ಲಿಯವರು ಒಬ್ಬರ ಕಾಲು ಒಬ್ಬರು ತುಳಿಯುತ್ತ ಕೆಲಸ ಮಾಡಿದರು. ನಗರ ಪರಿಷತ್ತಿನ ಒಪ್ಪಿಗೆಯೂ ಕೊನೆಯ ವಾರದಲ್ಲಿ ಬಂತು.

ಆಗ ಇಂಜಿನಿಯರರ ತಾಯಿ ಬಾಯಿ ತೆರೆದರು. ‘ಮೊದಲ ಆಕಳು ಒಳಗ ಹೋಗಬೇಕು. ಇಲ್ಲಾಂದ್ರ ನಾ ಹೊಸ್ತಿಲಾ ದಾಟೂದಿಲ್ಲ.’

‘ಮೂರನೇ ಮಾಳಗಿಗೇನ್ರಿ?’ ಎಂದೆ.

‘ಮನಿ ಎಲ್ಲಿ ಅದನೋ ಅಲ್ಲಿಗೆ.’

ಸಾಹೇಬರು ಆ ಸ್ಥಿತಿಯಲ್ಲಿ ಆನೆ ಕೇಳಿದ್ದರೂ ಹೂಂ ಅನ್ನುತ್ತಿದ್ದರು. ಊರಿನ ಗವಳಿಯ ಹತ್ತಿರ ಒಂದು ಬಿಳಿ ಆಕಳನ್ನು ಗೊತ್ತು ಮಾಡಿದರು. ಆ ದಿನ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಆಕಳು ಎಷ್ಟು ಗಂಭೀರವಾಗಿ ಮೆಟ್ಟಿಲೇರಿತೆಂದರೆ, ಹಿಂದಿನ ಜನ್ಮದಲ್ಲಿ ಮೇಲಿನ ಮಹಡಿಯಲ್ಲೇ ಇದ್ದಿರಬೇಕು ಅನ್ನಿಸಿತು. ಒಳಗೆ ಹೋಯಿತು, ಎಲ್ಲಾ ಕೋಣೆ ನೋಡಿತು, ಬಾಗಿಲಿನ ತೋರಣ ತಿಂದಿತು. ಹಾಲು ಉಕ್ಕಿತು, ಪೂಜೆ ಆಯಿತು, ಊಟ ಆಯಿತು. ಇಂಜಿನಿಯರರು ಕೀಲಿಕೈ, ಕಾಗದಗಳನ್ನು ತೆಗೆದುಕೊಂಡರು. ಸಾಹೇಬರು ಗೋಡೆಗೆ ಒರಗಿ ಉಸಿರು ಬಿಟ್ಟರು.

ಆಕಳು ಮಾತ್ರ ಇಳಿಯಲು ಒಪ್ಪಲಿಲ್ಲ.

ಮೆಟ್ಟಿಲ ತುದಿಗೆ ಬರುವುದು, ಕೆಳಗೆ ನೋಡುವುದು, ಹಿಂದೆ ಸರಿದು ಪಡಸಾಲೆಗೆ ಹೋಗಿ ನಿಲ್ಲುವುದು. ಹುಲ್ಲು ತೋರಿಸಿದರು, ಬೆಲ್ಲ ತೋರಿಸಿದರು. ಹಿಂದಿನಿಂದ ನಾಲ್ಕು ಜನ ನೂಕಿದರು. ಅದು ಒಂದು ಸಲ ತಿರುಗಿ ನೋಡಿದ್ದಕ್ಕೆ ನಾಲ್ಕೂ ಜನ ಬಚ್ಚಲಿಗೆ ಓಡಿದರು. ಗವಳಿ ತಲೆ ಕೆರೆದುಕೊಂಡು, ‘ಕರಾ ಕೆಳಗ ತಂದು ನಿಂದರಸ್ತೀನಿ. ಅದರ ಧ್ವನಿ ಕೇಳಿದ್ರ ತಾಯಿ ಓಡಿ ಇಳೀತದ’ ಎಂದ. ಕರುವನ್ನು ತಂದ. ಕೆಳಗಿನಿಂದ ಕರು ಅಂಬಾ ಅಂದಿತು, ಮೇಲಿನಿಂದ ತಾಯಿ ಅಂಬಾ ಅಂದಿತು. ಕರು ಹಗ್ಗ ಕಿತ್ತುಕೊಂಡು ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿಬಿಟ್ಟಿತು.

ಈಗ ಮೇಲೆ ಇಬ್ಬರಾದರು.

ಸಂಜೆಯಾಯಿತು. ಇಂಜಿನಿಯರರ ಸಂಸಾರ ಹಳೆಯ ಬಾಡಿಗೆ ಮನೆಗೆ ಹೋಯಿತು. ಹೊಸ ಮನೆಯಲ್ಲಿ ಮೊದಲ ರಾತ್ರಿ ಕಳೆಯುವ ಯೋಗ ಆಕಳು ಮತ್ತು ಕರುವಿಗೆ ಬಂತು. ಗವಳಿ ಸಂಜೆ, ಮುಂಜಾನೆ ಎರಡೂ ಹೊತ್ತು ಅಲ್ಲಿಯೇ ಹಾಲು ಕರೆದುಕೊಂಡ. ಆಕಳ ಆರೈಕೆ ನೋಡಿಕೊಂಡ ನಮ್ಮ ಅತ್ತೆಗೂ ಒಂದು ಚರಿಗೆ ಹಾಲು ಕೊಟ್ಟ. ಮರುದಿನ ಹಿರಿಯ ಗೌಂಡಿಯೊಬ್ಬ, ಮೆಟ್ಟಿಲ ಮೇಲೆ ಮರಳು ಸುರಿದು ಇಳಿಜಾರು ಮಾಡೋಣ ಎಂದ. ಮರಳಿಗೇನು ಕೊರತೆ? ಮೇಲಿನಿಂದ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ತಾಯಿ, ಕರು ಇಬ್ಬರೂ ಅದರ ಮೇಲೆ ಸುಖವಾಗಿ ಇಳಿದು ಹೋದರು. ಆದರೆ ನಾನು ಹೇಳಬೇಕಾದದ್ದು ಅದಕ್ಕಿಂತ ಸ್ವಲ್ಪ ಮೊದಲು ನಡೆದದ್ದು.

ಮರಳಿನ ಕೆಲಸ ನಡೆದಿರುವಾಗಲೇ ಗೇಟಿನಲ್ಲಿ ಒಂದು ಸ್ಕೂಟರ್ ನಿಂತಿತು. ಚಿಂಚವಾಡದಲ್ಲಿದ್ದ ನಿಪ್ಪಾಣಿ ಕಡೆಯ ಗಂಡ ಹೆಂಡತಿ, ಮನೆ ನೋಡಲು ಬಂದವರು. ಎಷ್ಟೋ ವಾರಗಳ ಮೇಲೆ ಬಂದ ಗಿರಾಕಿ. ನಾಳೆ ಬನ್ನಿ ಅನ್ನುವ ಧೈರ್ಯ ಯಾರಿಗಿದೆ? ಸಾಹೇಬರು ಅವರನ್ನು ಅದೇ ಕಟ್ಟಡದ ಎರಡನೇ ಮಹಡಿಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಹೆಂಡತಿಗೆ ಅಡಿಗೆ ಮನೆ ಹಿಡಿಸಿತು. ಗಂಡನಿಗೆ ಗಾಳಿ ಹಿಡಿಸಿತು. ಅಷ್ಟರಲ್ಲಿ ಮೇಲಿನಿಂದ ಟಕ್, ಟಕ್, ಟಕ್ ಎಂದು ಪಡಸಾಲೆಯ ಉದ್ದಕ್ಕೂ ಯಾರೋ ನಡೆದ ಸಪ್ಪಳ. ಹಿಂದೆಯೇ ಸಣ್ಣ ಟಕ್ ಟಕ್ ಟಕ್.

ಹೆಂಡತಿ ಛಾವಣಿಯ ಕಡೆ ನೋಡಿದರು. ‘ಮ್ಯಾಲ ಯಾರರ ಇರ್ತಾರೇನ್ರಿ?’

ಸಾಹೇಬರು ಹಣೆ ಒರೆಸಿಕೊಂಡರು. ‘ಹೌದ್ರಿ. ನಿನ್ನೆನೇ ಬಂದಾರ. ತಾಯಿ, ಮಗು, ಇಬ್ಬರ.’

‘ಎಂಥಾ ಮಂದಿ?’

‘ಭಾಳ ಶಾಂತ. ಶುದ್ಧ ಶಾಕಾಹಾರಿ.’

ಹೆಂಡತಿಗೆ ಸಮಾಧಾನವಾದ ಹಾಗೆ ಕಂಡಿತು. ಗಂಡನಿಗೆ ಮಾತ್ರ ಅನುಮಾನ, ಬಿಲ್ಡರನ ಮಾತು ಯಾರು ನಂಬುತ್ತಾರೆ? ಅದೇ ಹೊತ್ತಿಗೆ ನಮ್ಮ ಅತ್ತೆ ಚರಿಗೆ ಹಿಡಿದುಕೊಂಡು, ಸೆರಗಿಗೆ ಹತ್ತಿದ ಮರಳು ಝಾಡಿಸುತ್ತ ಮೇಲಿನಿಂದ ಇಳಿದು ಬಂದರು. ಇಳಕಲ್ಲ ಸೀರೆ ಕಂಡಕೂಡಲೆ ಆ ಹೆಂಡತಿ ಕನ್ನಡದಲ್ಲೇ ಕೇಳಿದರು, ‘ಅಜ್ಜಿ, ಮ್ಯಾಲಿನವರು ಹ್ಯಾಂಗ್ರಿ? ಖರೇ ಹೇಳ್ರಿ.’

ಸಾಹೇಬರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅತ್ತೆ ಖರೇ ಬಿಟ್ಟು ಬೇರೆ ಹೇಳುವವರೇ ಅಲ್ಲ.

ಅತ್ತೆ ನಿಂತರು. ನಿಧಾನವಾಗಿ ಯೋಚಿಸಿದರು.

‘ಅಂಥಾ ನೆರೆಹೊರಿ ಸಿಗಲಿಕ್ಕೆ ಪುಣ್ಯಾ ಬೇಕವ್ವಾ. ಒಂದು ಕೆಟ್ಟ ಮಾತಿಲ್ಲ, ಒಬ್ಬರ ಗೊಡವಿಗೆ ಹೋಗೂದಿಲ್ಲ’ ಎಂದು ಕೈಯಲ್ಲಿದ್ದ ಚರಿಗೆಯನ್ನು ಮುಂದೆ ಹಿಡಿದರು. ‘ನೋಡಿಲ್ಲೆ, ಕೇಳದನ ಹಾಲು ಕೊಟ್ಟು ಕಳಿಸ್ಯಾರ.’